ಬೆಟ್ಟದ ಹುಲ್ಲು ಕೊಟ್ಟಿಗೆಗೆ ಬರಲಿ: ಕೈಲಾಂಚದ ಗ್ರಾಮಸಭೆಗಳಿಗೆ ಒಂದು ಬಹಿರಂಗ ಪತ್ರ

ಕೈಲಾಂಚ ಹೋಬಳಿಯ ಗ್ರಾಮಸಭೆಗಳಲ್ಲಿ ಕೂರುವ ರೈತರೇ, ದನ ಕಟ್ಟಿಕೊಂಡ ಹೆಣ್ಣುಮಕ್ಕಳೇ, ರೇಷ್ಮೆಹುಳು ಮೇಯಿಸುವವರೇ, ಮಾವಿನ ತೋಟದವರೇ,

ರಾಗಿ ತೆನೆ ಬಲಿಯುತ್ತಿರುವ ಹೊತ್ತಿನಲ್ಲಿ ಕಾಡಿನ ಬೆಂಕಿಯ ಮಾತೆತ್ತುವುದು ಅಕಾಲ ಅನಿಸಬಹುದು. ಬೆಟ್ಟಗಳು ಇನ್ನೂ ಹಸಿರಾಗಿವೆ. ಬೆಂಕಿ ಬೀಳುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಅರಣ್ಯ ಇಲಾಖೆಯವರು ಜಾಥಾ ಮಾಡುವುದು, ಪತ್ರಿಕೆಗಳಲ್ಲಿ ಉರಿಯುವ ಬೆಟ್ಟದ ಫೋಟೊ ಬರುವುದು, ರಾಮನಗರದ ಪೇಟೆಯವರು ಬೆಳಗ್ಗೆ ಎದ್ದು ಕಿಟಕಿ ಮುಚ್ಚಿಕೊಂಡು ಯಾರನ್ನೋ ಬೈಯುವುದು, ಎಲ್ಲವೂ ಆಗಲೇ. ಹೋಳಿ ಕಳೆದು ಯುಗಾದಿಗೆ ಒಂದು ಮಳೆ ಬಿದ್ದರೆ ಎಲ್ಲರೂ ಮರೆಯುತ್ತಾರೆ. ಅಷ್ಟರಲ್ಲಿ ಆಗಬೇಕಾದ ಕೆಲಸದ ಕಾಲ ಮುಗಿದು ನಾಲ್ಕು ತಿಂಗಳಾದರೂ ಆಗಿರುತ್ತದೆ. ಪೇಟೆಯ ಮೂಗಿಗೆ ಬಡಿಯುವ ಆ ಹೊಗೆಯನ್ನು ನಾವು ಫೆಬ್ರವರಿಯ ಸಮಸ್ಯೆ, ಅರಣ್ಯ ಇಲಾಖೆಯ ಸಮಸ್ಯೆ ಎಂದುಕೊಂಡಿದ್ದೇವೆ. ನನಗೆ ಕಾಣುವಂತೆ ಅದು ನವೆಂಬರಿನ ಹುಲ್ಲಿನ ಸಮಸ್ಯೆ. ಹುಲ್ಲನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಶಕ್ತಿ ಬೇರೆ ಯಾರಿಗಿಂತ ಹೆಚ್ಚಾಗಿ ಬೆಟ್ಟದ ಬುಡದಲ್ಲಿರುವ ನಿಮಗಿದೆ. ಈ ಕಾಗದವನ್ನು ಅರಣ್ಯ ಮಂತ್ರಿಗೋ ಜಿಲ್ಲಾಧಿಕಾರಿಗೋ ಬರೆಯದೆ ನಿಮಗೆ ಬರೆಯುತ್ತಿರುವುದು ಅದಕ್ಕಾಗಿಯೇ.

ಮೊದಲು ಬೆಂಕಿಯ ಮೂಲ. ರಾಮದೇವರ ಬೆಟ್ಟದಿಂದ ಹಿಡಿದು ಹಂದಿಗುಂದಿ, ರೇವಣಸಿದ್ಧೇಶ್ವರ ಬೆಟ್ಟ, ಆಚೆ ಮಾಗಡಿಯ ಸಾವನದುರ್ಗದವರೆಗೆ ನಮ್ಮದು ಬಂಡೆ, ಕುರುಚಲು ಗಿಡ ಮತ್ತು ಹುಲ್ಲಿನ ಕಾಡು. ಮುಂಗಾರು, ಹಿಂಗಾರು ಎರಡರಲ್ಲೂ ಬೆಳೆದ ಹುಲ್ಲು ಸಂಕ್ರಾಂತಿ ಹೊತ್ತಿಗೆ ಬೆಂಡಾಗಿ ನಿಂತಿರುತ್ತದೆ. ಬಂಡೆಗೆ ಬಂಡೆ ಉಜ್ಜಿ ಕಿಡಿ ಹಾರಿತು, ಬಿದಿರು ತಿಕ್ಕಿ ಬೆಂಕಿ ಎದ್ದಿತು ಎಂಬ ಕಥೆಗಳು ಕೇಳಲು ಚೆನ್ನ. ಆದರೆ ಜನವರಿ, ಫೆಬ್ರವರಿಯಲ್ಲಿ ಈ ಕಡೆ ಸಿಡಿಲೂ ಇಲ್ಲ, ಹಾಗೆ ತಿಕ್ಕಾಡುವ ಬಿದಿರುಮೆಳೆಯ ಕಾಡೂ ಇದಲ್ಲ. ನಮ್ಮ ದೇಶದ ಕಾಡಿನ ಬೆಂಕಿಯಲ್ಲಿ ಬಹುಪಾಲು ಮನುಷ್ಯರ ಕೈಯಿಂದಲೇ ಹೊತ್ತಿಕೊಳ್ಳುವುದೆಂದು ಅರಣ್ಯ ಇಲಾಖೆಗಳೇ ಹೇಳುತ್ತಾ ಬಂದಿವೆ. ಹೊಸ ಹುಲ್ಲು ಚಿಗುರಲಿ ಎಂದು ಹಚ್ಚುವವರಿದ್ದಾರೆ, ಚಿರತೆ ಹಂದಿ ಅವಿತುಕೊಳ್ಳುವ ಪೊದೆ ಹೋಗಲಿ ಎಂದು ಹಚ್ಚುವವರಿದ್ದಾರೆ, ತೋಟದ ಅಂಚಿನ ಕಸಕ್ಕೆ ಹಚ್ಚಿ ಗಾಳಿಗೆ ಬಿಟ್ಟು ಊಟಕ್ಕೆ ಹೋಗುವವರಿದ್ದಾರೆ, ಬೀಡಿ ಬಿಸಾಡುವವರಿದ್ದಾರೆ. ಬೆಂಗಳೂರಿನಿಂದ ಬಂದು ಬಂಡೆಯ ಮೇಲೆ ರಾತ್ರಿ ಕಳೆದು ಒಲೆ ಆರಿಸದೆ ಇಳಿಯುವವರನ್ನೂ ಈ ಪಟ್ಟಿಯಿಂದ ಬಿಡಬೇಕಾಗಿಲ್ಲ. ದನ ಮೇಯಿಸುವವರೊಬ್ಬರ ಮೇಲೇ ತಪ್ಪು ಹೊರಿಸುವ ಸುಲಭದ ಚಾಳಿ ನಮ್ಮ ಪೇಟೆಯಲ್ಲಿದೆ, ಅದು ಅನ್ಯಾಯ. ಆದರೆ ಹಚ್ಚಿದವರು ಯಾರೇ ಆಗಲಿ, ಬೆಂಕಿ ಶುರುವಾಗುವುದು ಜನ ಓಡಾಡುವ ಜಾಗದಲ್ಲಿ, ಅಂದರೆ ದಾರಿಯ ಪಕ್ಕ, ತೋಟದ ಬದು, ಬೆಟ್ಟದ ಬುಡದಲ್ಲಿ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಹೊಗೆ. ಜ್ವಾಲೆ ಎದ್ದು ಉರಿಯುವಾಗ ಹೊಗೆ ಬಿಸಿಯಾಗಿ ಮೇಲಕ್ಕೇರಿ ಹರಡಿಹೋಗುತ್ತದೆ. ತೊಂದರೆ ಇರುವುದು ಆಮೇಲೆ. ಹುಲ್ಲು ಉರಿದುಹೋದ ಮೇಲೆ ಮರದ ಬೊಡ್ಡೆ, ಲಂಟಾನದ ಬುಡ, ಒಣ ಸಗಣಿ ರಾತ್ರಿಯೆಲ್ಲ ಕನಲುತ್ತವೆ. ಹೀಗೆ ಕನಲುವ ಬೆಂಕಿ ಪ್ರತಿ ಕಿಲೋ ಸೌದೆಗೆ ಎಬ್ಬಿಸುವ ಹೊಗೆ, ಭಗ್ಗನೆ ಉರಿಯುವ ಬೆಂಕಿಗಿಂತ ಹೆಚ್ಚು. ಅದು ಏಳುವ ಹೊತ್ತೂ ಕೆಟ್ಟದ್ದು. ಮೋಡವಿಲ್ಲದ ಫೆಬ್ರವರಿಯ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ನೆಲಕ್ಕಂಟಿದ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಬೆಟ್ಟದ ತಣ್ಣಗಿನ ಗಾಳಿ ಇಳಿಜಾರು ಹಿಡಿದು ಅರ್ಕಾವತಿಯ ಕಣಿವೆಗೆ ಜಾರುತ್ತಾ ಹೊಗೆಯನ್ನೂ ಎಳೆದುಕೊಂಡು ಬರುತ್ತದೆ. ಸುತ್ತ ಬೆಟ್ಟ, ನಡುವೆ ಹೊಳೆ, ಹೊಳೆಯ ದಂಡೆಯಲ್ಲಿ ರಾಮನಗರ. ಬಿಸಿಲೇರಿ ಮುಚ್ಚಳ ಒಡೆಯುವವರೆಗೆ ಹೊಗೆಗೆ ಹೋಗಲು ದಾರಿಯಿಲ್ಲ. ಆ ಗಂಟೆಗಳಲ್ಲೇ ಪೇಟೆ ಕೆಲಸಕ್ಕೆ ಹೊರಡುತ್ತದೆ. ಪೌರಕಾರ್ಮಿಕರು ಬೀದಿ ಗುಡಿಸುವುದು, ಗೂಡು ತುಂಬಿದ ವಾಹನಗಳು ರೇಷ್ಮೆ ಮಾರುಕಟ್ಟೆಗೆ ಬಂದು ಸಾಲುಗಟ್ಟುವುದು, ಬೆಂಗಳೂರಿಗೆ ಹೋಗುವವರು ರೈಲ್ವೆ ಪ್ಲಾಟ್‌ಫಾರಂನಲ್ಲಿ ನಿಲ್ಲುವುದು, ಬಿಡದಿಯ ಕಾರ್ಖಾನೆ ಬಸ್ಸಿಗೆ ಕಾಯುವುದು, ಮಕ್ಕಳು ಶಾಲೆಗೆ ನಡೆಯುವುದು ಆಗಲೇ. ಹೆದ್ದಾರಿಯಲ್ಲಿ ಹೊಗೆ ಮಂಜಿನೊಡನೆ ಬೆರೆತರೆ ಮುಂದಿನ ಲಾರಿಯ ಕೆಂಪು ದೀಪವೂ ತಡವಾಗಿ ಕಾಣುತ್ತದೆ. ನೂರು ಕಿಲೋಮೀಟರ್ ವೇಗದ ರಸ್ತೆಯಲ್ಲಿ ಅದು ಸಣ್ಣ ಮಾತಲ್ಲ.

ಹೀಗಿದ್ದೂ ಸರ್ಕಾರದ ಲೆಕ್ಕದಲ್ಲಿ ಈ ಹೊಗೆ ಇಲ್ಲ. ಯಾಕೆಂದರೆ ನಮ್ಮ ಗಾಳಿಯ ಮಾಪನ ಇಡೀ ದಿನದ ಸರಾಸರಿಯ ಮೇಲೆ ನಿಂತಿದೆ. ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, 24 ಗಂಟೆಗಳ ಸರಾಸರಿ ಮಿತಿ ನಮ್ಮಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಈಗ ಒಂದು ಲೆಕ್ಕ ಹಾಕಿ ನೋಡಿ. ಬೆಳಗಿನ ಮೂರು ಗಂಟೆ ಕಾಲ ಗಾಳಿಯಲ್ಲಿ 200ರಷ್ಟು ಕಣವಿದ್ದು, ಉಳಿದ 21 ಗಂಟೆ 40ರಷ್ಟಿದೆ ಎಂದಿಟ್ಟುಕೊಳ್ಳೋಣ. ದಿನದ ಸರಾಸರಿ ಸರಿಯಾಗಿ 60 ಬರುತ್ತದೆ. ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಅದು ಸಮಾಧಾನಕರ ಎಂಬ ವರ್ಗಕ್ಕೆ ಬೀಳುತ್ತದೆ. ಆ ಮೂರು ಗಂಟೆ ಹೊಗೆ ಕುಡಿದವರಿಗೆ ಮಾತ್ರ ಸಮಾಧಾನವಿರುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಮಾತ್ರ. ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಸಿಕ್ಕಿತು. ಬೆಂಗಳೂರಿನ ಗಾಳಿಗೆ ಮೀಸಲಾದ ದುಡ್ಡಿನಲ್ಲಿ ಪಾಲೂ ಸಿಗಲಿ ಎಂದು ಯಾರೂ ಕೇಳಿದಂತಿಲ್ಲ.

ವರ್ಷಕ್ಕೆ ನಾಲ್ಕಾರು ದಿನದ ಹೊಗೆಗೆ ಇಷ್ಟೊಂದು ಯಾಕೆ ಎಂದು ಕೇಳುವುದು ಸಹಜ. ಆಸ್ಟ್ರೇಲಿಯಾದ ಉದಾಹರಣೆ ಕೊಡುತ್ತೇನೆ. 2019–20ರ ಬೇಸಿಗೆಯ ಮಹಾ ಕಾಡ್ಗಿಚ್ಚಿನಲ್ಲಿ ನೇರವಾಗಿ ಸತ್ತವರು 33 ಮಂದಿ. ಆ ಹೊಗೆಯಿಂದಾಗಿ ಹೆಚ್ಚುವರಿಯಾಗಿ ಸತ್ತವರು 417 ಎಂದು ಅಲ್ಲಿನ ಸಂಶೋಧಕರು ಅಂದಾಜಿಸಿದರು. ನಮ್ಮ ಹುಲ್ಲಿನ ಬೆಂಕಿಯನ್ನು ಆ ಬೆಂಕಿಗೆ ಹೋಲಿಸುವುದು ತಪ್ಪು, ಗಾತ್ರದಲ್ಲಿ ಎಲ್ಲಿಂದೆಲ್ಲಿಗೆ. ನಾನು ನೋಡುತ್ತಿರುವುದು ಎರಡು ಸಂಖ್ಯೆಗಳ ನಡುವಿನ ಅಂತರವನ್ನು: ಸುದ್ದಿಯಾಗುವುದು ಜ್ವಾಲೆ, ಕೊಲ್ಲುವುದು ಹೆಚ್ಚಾಗಿ ಹೊಗೆ. ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೂಕ್ಷ್ಮ ಕಣ 10 ಮೈಕ್ರೋಗ್ರಾಂ ಹೆಚ್ಚಾದಾಗ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವವರು, ಬೇರೆ ಮೂಲದ ಕಣಗಳಾದರೆ ಶೇ 0.67ರಿಂದ 1.3ರಷ್ಟು, ಕಾಡ್ಗಿಚ್ಚಿನ ಕಣಗಳಾದರೆ ಶೇ 1.3ರಿಂದ 10ರಷ್ಟು ಹೆಚ್ಚಿದರು. ಅಂದರೆ ಎಲ್ಲ ಹೊಗೆಯೂ ಒಂದೇ ಎಂದು ತಳ್ಳಿಹಾಕುವಂತಿಲ್ಲ. ಮುಖಕ್ಕೆ ಟವೆಲ್ಲು, ಸೆರಗು ಕಟ್ಟಿಕೊಳ್ಳುವುದರಿಂದ ಈ ಕಣಗಳು ನಿಲ್ಲುವುದಿಲ್ಲ, ಬಟ್ಟೆಯ ಎಳೆಗಳ ಸಂದಿಗಿಂತ ಅವು ಬಹಳ ಸಣ್ಣವು.

ಪೇಟೆಯ ಕಷ್ಟವನ್ನೇ ಹೇಳುತ್ತಾ ಹೋದರೆ ನೀವು ಎದ್ದು ಹೋಗುತ್ತೀರಿ, ಹೋಗಲೂಬೇಕು. ಆದರೆ ಹೊಗೆ ಪೇಟೆಗಿಂತ ಮೊದಲು ಮುಟ್ಟುವುದು ನಿಮ್ಮ ಅಂಗಳವನ್ನು. ಸೌದೆ ಒಲೆಯ ಮುಂದೆ ಆಯಸ್ಸು ಕಳೆದ ಅಜ್ಜಿಯರ ಎದೆ ಆಗಲೇ ಸೋತಿರುತ್ತದೆ. ಹುಳುಮನೆಗೆ ಹೊಗೆ ತಾಕಬಾರದು ಎಂಬುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಚಾಕಿ, ಅಂದರೆ ಎಳೆಯ ಹುಳು ಸಾಕುವವರು ಒಳಗೆ ಬೀಡಿಯನ್ನೂ ಸೇದಲು ಬಿಡುವುದಿಲ್ಲ. ಹಿಪ್ಪುನೇರಳೆ ಎಲೆಯ ಮೇಲೆ ಬೂದಿ ಕೂತರೆ ತೊಳೆದು ಹಾಕುವ ಕೆಲಸ ಯಾರದು? ಬೆಟ್ಟಕ್ಕೆ ಬಿದ್ದ ಬೆಂಕಿ ಗಾಳಿ ತಿರುಗಿದರೆ ಹೂ ಕಳೆದು ಕಾಯಿ ಕಚ್ಚಿದ ಮಾವಿನ ಸಾಲಿಗೇ ಬರುತ್ತದೆ, ಹನಿ ನೀರಾವರಿಯ ಪೈಪುಗಳು ಕರಗಿ ಹೋಗುತ್ತವೆ. ಬೆಂಕಿಯಿಂದ ನಷ್ಟ ಯಾರಿಗೆ ಎಂಬ ಪ್ರಶ್ನೆಯಲ್ಲಿ ಹಳ್ಳಿ ಮತ್ತು ಪೇಟೆ ಎದುರು ಬದುರು ನಿಂತಿಲ್ಲ.

ಬೆಂಕಿ ಬಿದ್ದ ಮೇಲೆ ಆರಿಸುವುದರ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಉಪಗ್ರಹದ ಕಣ್ಣಿಗೆ ಬಿದ್ದ ಬೆಂಕಿಯ ಸಂದೇಶವನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಇಲಾಖೆಗೆ ಕಳಿಸುತ್ತದೆ. ಆದರೆ ಆ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಮಧ್ಯಾಹ್ನ ನಾಲ್ಕಕ್ಕೆ ಹೊತ್ತಿ ರಾತ್ರಿ ಒಂಬತ್ತಕ್ಕೆ ಜ್ವಾಲೆ ಇಳಿದ ಹುಲ್ಲಿನ ಬೆಂಕಿ ಅದರ ಕಣ್ಣು ತಪ್ಪಿಸಿಬಿಡಬಹುದು. ಕಂಡರೂ, ಬಂಡೆಗಳ ನಡುವೆ ನೀರಿನ ಗಾಡಿ ಹೋಗುವುದಿಲ್ಲ. ಹಸಿ ಸೊಪ್ಪು ಹಿಡಿದು ಬಡಿಯುವುದೇ ಇವತ್ತಿಗೂ ಸಾಧನ. 2019ರ ಫೆಬ್ರವರಿ ಕೊನೆಯ ವಾರ ನೆನಪಿಸಿಕೊಳ್ಳಿ. ಬಂಡೀಪುರ ದಿನಗಟ್ಟಲೆ ಉರಿದು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ಹೊತ್ತು ಸುರಿಯಬೇಕಾಯಿತು. ಅದೇ ವಾರ, ಫೆಬ್ರವರಿ 23ರಂದು, ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲ್ದಾಣದಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟು ಹೋದವು. ಒಂದು ಕಡೆ ಹುಲಿಗಳ ಕಾಡು, ಇನ್ನೊಂದು ಕಡೆ ದೇಶದ ಅತಿ ಬಿಗಿ ಕಾವಲಿನ ಬಯಲು, ಅಗ್ನಿಶಾಮಕ ದಳ ಕೂಗಳತೆಯಲ್ಲಿ. ಎರಡೂ ಕಡೆ ಕಿಡಿಗೆ ಕಾದು ನಿಂತಿದ್ದದ್ದು ಕೊಯ್ಯದೆ ಬಿಟ್ಟ ಒಣ ಸರಕು. ಕಿಡಿಯನ್ನು ಪೂರ್ತಿ ತಡೆಯಲು ಯಾರಿಂದಲೂ ಆಗದು. ಕಿಡಿ ಬಿದ್ದ ಜಾಗದಲ್ಲಿ ಹುಲ್ಲು ಇರಬೇಕೋ ಬೇಡವೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾಗಿ ನನ್ನ ಸಲಹೆ ಇಷ್ಟೇ: ಬೆಟ್ಟದ ಬುಡದಲ್ಲಿ, ದಾರಿಗಳ ಎರಡೂ ಪಕ್ಕ, ತೋಟಗಳ ಅಂಚಿನಲ್ಲಿ ಅಗಲವಾದ ಪಟ್ಟಿಗಳನ್ನು ಗುರುತಿಸಿ, ಹುಲ್ಲು ಇನ್ನೂ ಅರೆಹಸಿರಾಗಿರುವಾಗಲೇ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ, ಕೊಯ್ದು ಊರಿಗೆ ತರುವುದು. ಇಡೀ ಬೆಟ್ಟ ಬೋಳಿಸಬೇಕಿಲ್ಲ, ಆಗುವುದೂ ಇಲ್ಲ. ಬೆಂಕಿ ಶುರುವಾಗುವುದು ಜನರ ಜಾಗದಲ್ಲಿ ಎಂದೆನಲ್ಲ, ಅಲ್ಲಿ ಹುಲ್ಲಿಲ್ಲದಿದ್ದರೆ ಮೇಲಿನ ಹುಲ್ಲಿಗೆ ಕಿಡಿ ತಲುಪುವುದು ಕಷ್ಟ. ಇಲಾಖೆ ಜನವರಿಯಲ್ಲಿ ಹುಲ್ಲು ಸುಟ್ಟು ಬೆಂಕಿರೇಖೆ ಮಾಡುತ್ತದೆ; ಅದೇ ರೇಖೆಯನ್ನು ಎರಡು ತಿಂಗಳು ಮೊದಲು ಕುಡುಗೋಲಿನಲ್ಲಿ ಮಾಡಿ ಎನ್ನುತ್ತಿದ್ದೇನೆ. ಒಂದು ಟನ್ ಒಣಹುಲ್ಲು ಸುಟ್ಟರೆ ಸುಮಾರು 7 ಕಿಲೋ ಸೂಕ್ಷ್ಮ ಕಣ ಗಾಳಿ ಸೇರುತ್ತದೆ ಎಂಬುದು ವಿಜ್ಞಾನಿಗಳ ಲೆಕ್ಕ. ಅದೇ ಒಂದು ಟನ್, ದಿನಕ್ಕೆ ಏಳು ಕಿಲೋದಂತೆ ತಿನ್ನುವ ಒಂದು ನಾಟಿ ಹಸುವಿಗೆ ನಾಲ್ಕು ತಿಂಗಳಿಗೂ ಮೀರಿದ ಒಣಮೇವು. ಬೆಟ್ಟದ ಹುಲ್ಲು ಒರಟು, ಸೀಮೆಹಸು ಮೂಸುವುದಿಲ್ಲ ಎನ್ನುತ್ತೀರಿ, ನಿಜವಿದೆ. ಮೇವಿಗೆ ಬರದ್ದು ಕೊಟ್ಟಿಗೆಗೆ ಹಾಸಲು, ತಿಪ್ಪೆಗೆ, ಹಿಪ್ಪುನೇರಳೆ ಸಾಲಿನ ನಡುವೆ ಹೊದಿಸಲು ಆಗುತ್ತದೆ. ರಾಗಿಹುಲ್ಲಿನ ಬೆಲೆ ಬೇಸಿಗೆಯಲ್ಲಿ ಎಲ್ಲಿಗೇರುತ್ತದೆ ಎಂದು ನಿಮಗೇ ಗೊತ್ತು. ಊರೂರಿನಲ್ಲಿ ಡೇರಿ ಇದೆ, ಎರಡು ಹೊತ್ತೂ ಜನ ಸೇರುತ್ತಾರೆ. ಯಾವ ಪಟ್ಟಿ ಯಾರು ಕೊಯ್ಯುವುದು, ಎಂದು ಕೊಯ್ಯುವುದು ಎಂದು ಹಂಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ಕಷ್ಟವೂ ಒಂದಿದೆ: ಇದು ರಾಗಿ ಕಟಾವಿನ ಕಾಲಕ್ಕೇ ಬಂದು ಬೀಳುತ್ತದೆ, ಆಳು ಸಿಗುವುದಿಲ್ಲ. ಕೂಲಿಯ ದುಡ್ಡು ಎಲ್ಲಿಂದ ಬರಬೇಕು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಸುಟ್ಟರೇ ಒಳ್ಳೆಯ ಹುಲ್ಲು ಬರುವುದು ಎಂಬ ನಂಬಿಕೆಯನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ಸುಟ್ಟ ಜಾಗದಲ್ಲಿ ಮೊದಲ ಮಳೆಗೆ ಎಳೆ ಚಿಗುರು ಬೇಗ ಬರುತ್ತದೆ, ದನ ಅದನ್ನೇ ಹುಡುಕಿಕೊಂಡು ಹೋಗುತ್ತವೆ. ಆದರೆ ಪ್ರತಿ ವರ್ಷ ಸುಟ್ಟರೆ ಉಳಿಯುವುದು ಬೆಂಕಿ ತಾಳುವ ಒರಟು ಜಾತಿಗಳೇ; ಮೆತ್ತನೆಯ ಹುಲ್ಲಿನ ಬೀಜ, ಮರದ ಸಸಿ ಸುಟ್ಟುಹೋಗುತ್ತವೆ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಹಿಡಿದುಕೊಳ್ಳಲು ಬೇರಿಲ್ಲದ ಬೂದಿಮಣ್ಣು ಮೊದಲ ಜಡಿಮಳೆಗೆ ಇಳಿದು ಕೆರೆ ಸೇರುತ್ತದೆ. ಕೊಯ್ದ ಹುಲ್ಲೂ ಚಿಗುರುತ್ತದೆ ಎಂಬುದನ್ನು ಮಾತ್ರ ಈ ವಾದದಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು ಆಕ್ಷೇಪ ಓದಿಕೊಂಡವರಿಂದ ಬರುತ್ತದೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ತರಗುಬೆಂಕಿ ಹಾಕುತ್ತಿದ್ದರು, 1974ರಲ್ಲಿ ಅಭಯಾರಣ್ಯವಾಗಿ ಅದನ್ನು ನಿಲ್ಲಿಸಿದ ಮೇಲೆ ಅಲ್ಲಿ ಲಂಟಾನ ತುಂಬಿತು, ಆದ್ದರಿಂದ ಬೆಂಕಿಯನ್ನು ಪೂರ್ತಿ ದೂರಬೇಡಿ ಎಂದು. ಈ ಮಾತಿಗೆ ನನ್ನ ಗೌರವವಿದೆ. ಸಂಶೋಧಕರೂ ಸೋಲಿಗರ ತಿಳಿವಳಿಕೆಯನ್ನು ದಾಖಲಿಸಿ ಎತ್ತಿಹಿಡಿದಿದ್ದಾರೆ. ಆದರೆ ಆ ಬೆಂಕಿಗೆ ಒಂದು ಕಾಲವಿತ್ತು, ಕಾಡು ಪೂರ್ತಿ ಒಣಗುವ ಮುಂಚೆ. ನೆಲದ ತರಗೆಲೆ ಮಾತ್ರ ಉರಿಯುವಷ್ಟು ಮೆಲ್ಲಗೆ, ನೋಡಿಕೊಳ್ಳುವ ಜನರ ಎದುರಿಗೆ. ಮಾರ್ಚಿನ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಯಾರೋ ಹಚ್ಚಿ ಓಡಿಹೋಗುವ ಬೆಂಕಿಗೆ ಸೋಲಿಗರ ಹೆಸರು ಅಂಟಿಸುವುದು ಅವರಿಗೆ ಮಾಡುವ ಅವಮಾನ. ಸೋಲಿಗರಿಂದ ಕಲಿಯುವುದಾದರೆ ಕಾಲ ನೋಡುವುದನ್ನು ಕಲಿಯೋಣ. ನಮ್ಮ ಬೆಟ್ಟಗಳು ಊರಿಗೆ ಇಷ್ಟು ಹತ್ತಿರ ಇರುವಾಗ ಆ ಕಾಲಕ್ಕೆ ಬೆಂಕಿಗಿಂತ ಕುಡುಗೋಲು ವಾಸಿ ಎಂಬುದು ನನ್ನ ಅಭಿಪ್ರಾಯ.

ಕಾನೂನು ಬಿಡುತ್ತದೆಯೇ? ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಶೋಲೆ ಸಿನಿಮಾದ ಬಂಡೆಗಳೆಂದು ನೋಡಲು ಬರುವವರಿಗೆ ಆ ಬಂಡೆಯಂಚಿನಲ್ಲಿ ಗೂಡು ಕಟ್ಟುವ ಹಕ್ಕಿಯ ನೆನಪಿರುವುದಿಲ್ಲ. ಉದ್ದ ಕೊಕ್ಕಿನ ರಣಹದ್ದು ಚಳಿಗಾಲದಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಹಾರಲು ಬಾರದ ಮರಿ ಗೂಡಿನಲ್ಲಿರುವ ಕಾಲಕ್ಕೇ ಕೆಳಗೆ ಬೆಂಕಿ ಬೀಳುತ್ತದೆ. ಹೊಗೆಯಲ್ಲಿ ದೊಡ್ಡದು ಹಾರಿಹೋಗಬಹುದು, ಮರಿ ಎಲ್ಲಿಗೆ ಹೋದೀತು? ಹುಲ್ಲು ಕೊಯ್ಯುವವರ ಓಡಾಟವೂ ಅವಕ್ಕೆ ತೊಂದರೆ ಎನ್ನುವವರ ಮಾತು ಒಪ್ಪತಕ್ಕದ್ದೇ. ಅದಕ್ಕೆ ಗೂಡಿನ ಬಂಡೆಗಳ ಹತ್ತಿರ ಹೋಗದೆ, ನವೆಂಬರ್ ಮಧ್ಯದೊಳಗೆ ಬುಡದ ಪಟ್ಟಿಗಳಲ್ಲಷ್ಟೇ ಕೆಲಸ ಮುಗಿಸಬೇಕು. ವನ್ಯಜೀವಿ ಕಾಯ್ದೆಯ 30ನೇ ಕಲಂ ವನ್ಯಧಾಮದಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸುತ್ತದೆ. 29ನೇ ಕಲಂ, ವನ್ಯಧಾಮದ ಹಿತಕ್ಕಾಗಿ ಅನುಮತಿ ಪಡೆದು ತೆಗೆದ ಉತ್ಪನ್ನವನ್ನು ಸುತ್ತಲಿನ ಜನ ಸ್ವಂತಕ್ಕೆ ಬಳಸಬಹುದು, ಮಾರಬಾರದು ಎನ್ನುತ್ತದೆ. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ, ತಟ್ಟಬೇಕು. ಉಳಿದ ಬೆಟ್ಟಗಳಲ್ಲಿ ಅನುಮತಿ ಕೊಡುವುದು ಇಲಾಖೆಗೆ ಇನ್ನೂ ಸುಲಭ. ಹುಲ್ಲಿನ ನೆಪದಲ್ಲಿ ಮರ ಹೋದೀತು ಎಂಬುದು ಅಧಿಕಾರಿಗಳ ಭಯ. ಪಟ್ಟಿಯ ನಕ್ಷೆ, ಕೊಯ್ಯುವವರ ಹೆಸರು, ತಾರೀಖು ಬರೆದ ಗ್ರಾಮಸಭೆಯ ಠರಾವು ಕೈಗೆ ಬಂದರೆ ಆ ಭಯಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಈಗ ದುಡ್ಡಿನ ಮಾತು. ಪೇಟೆಯವರು ಉಸಿರಾಡಲೆಂದು ನಾವು ಹುಲ್ಲು ಕೊಯ್ಯಬೇಕೇ, ಅವರೇ ಬೀದಿ ಬೀದಿಯಲ್ಲಿ ಕಸ ಸುಡುವುದಿಲ್ಲವೇ, ಅವರ ಗಾಡಿಗಳ ಹೊಗೆ ಲೆಕ್ಕಕ್ಕಿಲ್ಲವೇ ಎಂದು ನೀವು ಕೇಳಿದರೆ ಪೇಟೆಯವನಾದ ನನ್ನಲ್ಲಿ ಅದಕ್ಕೆ ಮರುಮಾತಿಲ್ಲ. ಕಸಕ್ಕೆ ಬೆಂಕಿ ಹಚ್ಚುವುದು ನಮ್ಮ ವಾರ್ಡುಗಳಲ್ಲಿ ಇವತ್ತಿಗೂ ನಡೆಯುತ್ತದೆ. ಮೊದಲು ಅದು ನಿಲ್ಲಬೇಕು. ಆದರೆ ನಮ್ಮ ತಪ್ಪು ನಿಮ್ಮ ಬೆಟ್ಟದ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಎರಡೂ ಒಂದೇ ಕಣಿವೆಯಲ್ಲಿ ಸೇರಿಕೊಳ್ಳುತ್ತವೆ. ಉಸಿರಾಡುವವರು ಕೂಲಿಯಲ್ಲಿ ಪಾಲು ಕೊಡಬೇಕೆಂಬುದು ನ್ಯಾಯ. ಹುಲ್ಲು ಕೊಯ್ಯುವ ಆ ಎರಡು ವಾರದ ಕೂಲಿಯಲ್ಲಿ, ಮತ್ತು ಜನವರಿಯಿಂದ ಏಪ್ರಿಲ್‌ವರೆಗೆ ಊರಿನ ಹುಡುಗರನ್ನೇ ಬೆಂಕಿ ಕಾವಲಿಗೆ ಹಾಕುವ ಸಂಬಳದಲ್ಲಿ ರಾಮನಗರ ನಗರಸಭೆ ಒಂದು ಭಾಗ ಭರಿಸಲಿ ಎಂದು ನೀವು ಠರಾವಿನಲ್ಲೇ ಬರೆಯಿರಿ. ಇಲ್ಲಿ ನಮ್ಮ ಕಡೆಯಿಂದ ಅದನ್ನು ಒತ್ತಾಯಿಸುವುದು ನಮ್ಮ ಕೆಲಸ. ಬೆಂಗಳೂರಿನ ಚಾರಣಿಗರಿಂದ ಟಿಕೆಟ್ ಹಣ ವಸೂಲಾಗುವ ಬೆಟ್ಟಗಳಲ್ಲಿ ಅದರ ಒಂದು ಪಾಲು ಆಯಾ ಊರಿನ ಕಾವಲಿಗೆ ಬರಲಿ ಎಂದೂ ಕೇಳಿ. ಕೇಳದಿದ್ದರೆ ಅದು ಬರುವುದಿಲ್ಲ.

ಈ ಸಲದ ಗ್ರಾಮಸಭೆಯಲ್ಲಿ ಆನೆ ಹಾವಳಿ, ಮನೆ ಹಂಚಿಕೆ, ಚರಂಡಿ ಎಲ್ಲ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಹೋಬಳಿಯ ಎಲ್ಲ ಊರೂ ಒಟ್ಟಿಗೆ ಮಾಡಬೇಕೆಂದಿಲ್ಲ. ಬೆಟ್ಟಕ್ಕಂಟಿದ ಎರಡೋ ಮೂರೋ ಊರು ಶುರು ಮಾಡಲಿ, ಉಳಿದವು ಸುಮ್ಮನಿರಲಿ. ಹಾಗಾದಾಗಲೇ ಪರೀಕ್ಷೆ ಸರಿಯಾಗಿ ಆಗುವುದು. ಉಪಗ್ರಹ ದಾಖಲಿಸಿದ ಬೆಂಕಿಯ ಬಿಂದುಗಳು ಸಾರ್ವಜನಿಕವಾಗಿ ಸಿಗುತ್ತವೆ, ಅದಕ್ಕೆ ತಪ್ಪಿದ ಸಣ್ಣ ಬೆಂಕಿಗಳನ್ನು ಡೇರಿಯ ಗೋಡೆಯ ಮೇಲೊಂದು ಪಟ್ಟಿಯಲ್ಲಿ ತಾರೀಖು ಸಮೇತ ಬರೆದಿಡಬಹುದು. ಪೇಟೆಯ ಮಾಪನ ಕೇಂದ್ರದ ಗಂಟೆಗಂಟೆಯ ಅಂಕಿಗಳನ್ನು ಇಟ್ಟುಕೊಳ್ಳುವ ಹೊಣೆ ನಮ್ಮದಾಗಲಿ, ದಿನದ ಸರಾಸರಿ ನಮಗೆ ಬೇಡ. ಕೊಯ್ದ ಊರಿನ ಬೆಟ್ಟ ಎಷ್ಟು ಸಲ ಹೊತ್ತಿತು, ಕೊಯ್ಯದ ಊರಿನದು ಎಷ್ಟು ಸಲ ಎಂದು ಮೂರು ಬೇಸಿಗೆ ಹೋಲಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ನನ್ನ ವಾದ ಬಿದ್ದುಹೋಗುತ್ತದೆ, ಆಗ ಕುಡುಗೋಲು ಕೆಳಗಿಟ್ಟು ಬೇರೆ ದಾರಿ ಹುಡುಕೋಣ. ಕಂಡರೆ, ಅಚ್ಚಲು, ಕಬ್ಬಾಳು, ಸಾತನೂರು ಕಡೆಯವರು ನಿಮ್ಮನ್ನು ಕೇಳಿಕೊಂಡು ಬರುತ್ತಾರೆ. ನಕ್ಷೆಯ ಒಂದು ಪ್ರತಿ ತೆಗೆದಿಟ್ಟಿರಿ.

ಇಂತಿ,
ರಾಮನಗರ ಪೇಟೆಯ ಒಬ್ಬ ನಿವಾಸಿ